ಗಂಡನಿಗೊಂದು ರೇಸಿಸಂ, ಹೆಂಡತಿಗೊಂದು ರೇಸಿಸಂ

ಐರ್ಲೆಂಡ್‌ಗೆ ಬರಬೇಕು ಅಂದುಕೊಂಡಿರುವ ಗೆಳೆಯರು ವಾಟ್ಸಾಪ್‌ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಲ್ಲಿ ಈಗ ರೇಸಿಸಂ ಜಾಸ್ತಿಯಂತೆ, ಹೌದಾ?" ಮೊದಮೊದಲು ಹೌದು ಅಂತಲೋ ಇಲ್ಲ ಅಂತಲೋ ಏನೋ ಒಂದು ಹೇಳುತ್ತಿದ್ದೆ. ಈಗ ತಿರುಗಿ ಕೇಳುತ್ತೇನೆ, ಯಾರಿಗೆ?

ಸುಮ್ನೆ ಜಾಣತನಕ್ಕೆ ಕೇಳುವ ಮಾತಲ್ಲ ಇದು. ನಾನು ತಿಪಟೂರಿನವನು. ಕಪ್ಪು ಬಣ್ಣ, ದಟ್ಟ ಗಡ್ಡ. ನನ್ನ ಹೆಂಡತಿ ಮಿಜೋರಾಂನ ಐಜ್ವಾಲ್‌ನವಳು, ನರ್ಸ್. ಬೆಂಗಳೂರಿನಲ್ಲಿ ಪರಿಚಯವಾಗಿ ಅಲ್ಲೇ ಮದುವೆಯಾದೆವು, ಈಗ ಡಬ್ಲಿನ್‌ನಲ್ಲಿದ್ದೇವೆ. ಇಬ್ಬರ ಪಾಸ್‌ಪೋರ್ಟೂ ಒಂದೇ ದೇಶದ್ದು, ಆದರೆ ಬೀದಿಯಲ್ಲಿ ಯಾರ ಕಣ್ಣಿಗೂ ಹಾಗೆ ಕಾಣುವುದಿಲ್ಲ. ನನ್ನನ್ನು ಇಂಡಿಯಾ ಅಥವಾ ಪಾಕಿಸ್ತಾನ ಅಂದುಕೊಳ್ಳುತ್ತಾರೆ. ಅವಳನ್ನು ಚೀನಾ ಅಥವಾ ಫಿಲಿಪೀನ್ಸ್. ಅಂಗಡಿಯಲ್ಲಿ ಒಟ್ಟಿಗೆ ನಿಂತಿದ್ದರೂ ನಮ್ಮ ಸಾಮಾನಿನ ನಡುವೆ ಪಟ್ಟಿ ಇಟ್ಟು ಬೇರೆ ಬೇರೆ ಬಿಲ್ ಮಾಡುತ್ತಾರೆ, ಹೋಟೆಲಿನಲ್ಲಿ "ನೀವಿಬ್ಬರೂ ಜೊತೆಗಾ?" ಅಂತ ಕೇಳುತ್ತಾರೆ.

ಒಂದು ಶನಿವಾರ ಸಂಜೆ ಡಬಲ್ ಡೆಕ್ಕರ್ ಬಸ್ಸಿನ ಮಹಡಿಯ ಮುಂದಿನ ಸೀಟಿನಲ್ಲಿ ಕೂತಿದ್ದೆವು. ನಾನು ಕಿಟಕಿ ಕಡೆ. ಇಳಿದು ಸಾಮಾನು ತಗೊಂಡು ಮನೆಗೆ ಬಂದು, ಅವಳು ಅಕ್ಕಿ ತೊಳೆಯುತ್ತಾ ಹೇಳಿದಳು: "ಆ ಮೂರು ಹುಡುಗರು ಮೇಲೆ ಬಂದರಲ್ಲ, ಅದರಲ್ಲಿ ಒಬ್ಬ ನನ್ನ ಕಡೆ ತಿರುಗಿ ಎರಡೂ ಬೆರಳಿಂದ ಕಣ್ಣು ಎಳೆದು ತೋರಿಸಿದ." ನಾನು ನೋಡಿರಲೇ ಇಲ್ಲ. ಹದಿನಾಲ್ಕು ವರ್ಷದ ಹುಡುಗರು, ಬಿಡು, ಅಂದೆ. ಆಮೇಲೆ ನಾನು ಹೇಳಿದೆ, ಅಂಗಡಿಯಲ್ಲಿ ಸೆಕ್ಯೂರಿಟಿಯವನು ಬಿಸ್ಕತ್ತಿನ ಸಾಲಿನಿಂದ ಹಾಲಿನ ಫ್ರಿಜ್‌ವರೆಗೂ ನನ್ನ ಹಿಂದೆಯೇ ಬಂದ ಅಂತ. ಅವಳೂ ಅದನ್ನು ನೋಡಿರಲಿಲ್ಲ. "ಅವನು ಎಲ್ಲರ ಹಿಂದೆಯೂ ಹೋಗ್ತಾನೆ" ಅಂದಳು.

ಅನ್ನ ಆಗುವವರೆಗೂ ಇಬ್ಬರೂ ಮಾತಾಡಲಿಲ್ಲ.

ಬೇರೆ ಬೇರೆ ಜನಾಂಗದ ಇಬ್ಬರು ಜೋಡಿಯಾಗಿ ಹೊರದೇಶಕ್ಕೆ ಹೊರಟಾಗ ಎಲ್ಲರೂ ದೇಶದ ಬಗ್ಗೆ ವಿಚಾರಿಸುತ್ತಾರೆ. ಯಾವ ದೇಶ ಒಳ್ಳೆಯದು, ಯಾವುದು ಕೆಟ್ಟದ್ದು ಅಂತ. ನನ್ನ ಅನುಭವದಲ್ಲಿ ಮೊದಲು ತಿಳಿಯಬೇಕಾದ್ದು ಬೇರೆ. ರೇಸಿಸಂ ನಿಮ್ಮಿಬ್ಬರನ್ನು ಒಂದು ಜೋಡಿಯಾಗಿ ಭೇಟಿ ಮಾಡುವುದು ಕಡಿಮೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮುಖ ಹಾಕಿಕೊಂಡು, ಬೇರೆ ಬೇರೆ ಹೊತ್ತಿಗೆ ಬರುತ್ತದೆ. ಹಾಗಾಗಿ ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಆ ಕಾಣದಿರುವುದೇ ಮನೆಯೊಳಗಿನ ಜಗಳಕ್ಕೆ ಕಾರಣವಾಗುತ್ತದೆ.

ಇನ್ನೊಂದು ವಿಷಯ. ರೇಸಿಸಂ ಅನ್ನೋದು ವಿಮಾನ ಇಳಿದ ಮೇಲೆ ಶುರುವಾಗುವ ಸಂಗತಿ ಅನ್ನುವ ನಂಬಿಕೆ ನಮ್ಮವರಲ್ಲಿದೆ. ನನಗೂ ಇತ್ತು. ಅವಳಿಗಿರಲಿಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅಂತ ಎಸ್‌ಎಂಎಸ್ ಗಾಳಿಸುದ್ದಿ ಹಬ್ಬಿ, ಬೆಂಗಳೂರು ಸ್ಟೇಷನ್‌ನಿಂದ ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಗಿ ಬಂದಿತ್ತಲ್ಲ, ಸಾವಿರಾರು ಜನ ಟ್ರಂಕು ಚಾಪೆ ಹಿಡಿದು ಹೊರಟಿದ್ದರಲ್ಲ, ಆಗ ಅವಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಒಂದು ದಿನಕ್ಕೆ ಐದೇ ಎಸ್‌ಎಂಎಸ್ ಅಂತ ಸರ್ಕಾರ ಮಿತಿ ಹಾಕಿತ್ತು. ನನಗೆ ಆ ವಾರದ ನೆನಪು ಅಂದರೆ ಆ ಐದು ಎಸ್‌ಎಂಎಸ್‌ನ ಕಿರಿಕಿರಿ ಅಷ್ಟೇ. ಅವಳಿಗೆ ನೆನಪಿರುವುದು ಹಾಸ್ಟೆಲಿನ ಗೇಟಿಗೆ ಒಳಗಿನಿಂದ ಹಾಕಿದ್ದ ಬೀಗ. 2016ರಲ್ಲಿ ಅದೇ ಊರಿನಲ್ಲಿ, ಒಬ್ಬ ಸುಡಾನ್‌ನವನ ಕಾರು ಅಪಘಾತ ಮಾಡಿತು ಅಂತ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಗುಂಪಿಗೆ ಕಂಡದ್ದು ಬಣ್ಣ ಒಂದೇ. 2020ರ ಮಾರ್ಚ್‌ನಲ್ಲಿ ಈಶಾನ್ಯದವರನ್ನು "ಕೊರೋನಾ" ಅಂತ ಕೂಗುವುದು ಎಷ್ಟು ಜಾಸ್ತಿಯಾಯಿತು ಅಂದರೆ, ಕೇಂದ್ರ ಗೃಹ ಇಲಾಖೆಯೇ ರಾಜ್ಯಗಳಿಗೆ ಪತ್ರ ಬರೆಯಿತು. ಇವಳು ಆಗ ಕೋವಿಡ್ ವಾರ್ಡಿನಲ್ಲೇ ಡ್ಯೂಟಿ ಮಾಡುತ್ತಿದ್ದಳು.

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡುವಾಗ ಓನರ್ ನನ್ನ ಜೊತೆ ಕನ್ನಡದಲ್ಲಿ ಚೆನ್ನಾಗಿ ಮಾತಾಡಿ, ಅಡ್ವಾನ್ಸ್‌ವರೆಗೂ ಬಂದು, ಇವಳು ಆಟೋದಿಂದ ಇಳಿದ ಕೂಡಲೇ "ಮೇಡಂ ನಾನ್‌ವೆಜ್ ಅಲ್ವಾ" ಅಂತ ರಾಗ ಬದಲಾಯಿಸಿದ್ದುಂಟು. ನಾನೂ ನಾನ್‌ವೆಜ್ಜೇ. ಅದನ್ನು ಕೇಳಲೇ ಇಲ್ಲ.

ಹಾಗಂತ ಇದು ಒಂದೇ ದಿಕ್ಕಿನದ್ದೂ ಅಲ್ಲ. ನನ್ನ ಜೀವನದ ಮೊದಲ ಪರ್ಮಿಟ್ ಐರ್ಲೆಂಡಿನದ್ದಲ್ಲ, ಮಿಜೋರಾಂನದ್ದು. ಹೊರಗಿನ ಭಾರತೀಯರು ಆ ರಾಜ್ಯಕ್ಕೆ ಹೋಗಬೇಕಾದರೆ ಇನ್ನರ್ ಲೈನ್ ಪರ್ಮಿಟ್ ಬೇಕು, 1873ರಲ್ಲಿ ಬ್ರಿಟಿಷರು ಮಾಡಿದ ಕಾನೂನಿನಿಂದ ಬಂದ ಪದ್ಧತಿ ಅದು. ಅವಳ ತವರಿಗೆ ಹೋದಾಗ ಓಣಿಯ ಮಕ್ಕಳು ನನ್ನನ್ನು ನೋಡಿ "ವಾಯ್, ವಾಯ್" ಅಂತ ಪಿಸುಗುಟ್ಟಿದವು. ಬಯಲು ಸೀಮೆಯಿಂದ ಬಂದ ಹೊರಗಿನವನು ಅಂತ ಅರ್ಥ. ಚರ್ಚಿನ ಹಿರಿಯರೊಬ್ಬರು ನನ್ನ ಎದುರಿಗೇ ಅವಳಿಗೆ ಏನೋ ಕೇಳಿದರು, ಅವಳು ಇವತ್ತಿಗೂ ಅದನ್ನು ಅನುವಾದ ಮಾಡಿ ಹೇಳಿಲ್ಲ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಹೊರದೇಶಕ್ಕೆ ಹೊರಡುವ ಜೋಡಿಯಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಇದು ಹಳೆಯ ಪಾಠ, ಇನ್ನೊಬ್ಬರಿಗೆ ಮೊದಲನೇ ಕ್ಲಾಸು. ನಾನು ಕರ್ನಾಟಕದಲ್ಲಿ ಬಹುಸಂಖ್ಯಾತನಾಗಿ ಬೆಳೆದವನು. ಡಬ್ಲಿನ್‌ಗೆ ಬಂದಾಗ ಅವಳ ಹತ್ತಿರ ಹತ್ತು ವರ್ಷದ ಅನುಭವ ಇತ್ತು, ನನ್ನ ಹತ್ತಿರ ಏನೂ ಇರಲಿಲ್ಲ. ನಿಮ್ಮ ಸಂಗಾತಿ ಐರಿಷ್ ಅಥವಾ ಜರ್ಮನ್ ಬಿಳಿಯರಾಗಿದ್ದರೆ ಇದು ಇನ್ನೂ ಜೋರು. ಅವರು ತಮ್ಮ ಸ್ವಂತ ಊರನ್ನೇ ಮೊದಲ ಸಲ ಬೇರೆ ಕಣ್ಣಿಂದ ನೋಡುತ್ತಾರೆ, ಮತ್ತು ನೋಡಿದ್ದನ್ನು ಒಪ್ಪಿಕೊಳ್ಳಲು ಅವರಿಗೆ ಸಮಯ ಬೇಕು.

ಈಗ ವಿಷಯವನ್ನು ಸ್ವಲ್ಪ ಬಿಡಿಸೋಣ. ರೇಸಿಸಂ ಅನ್ನುವ ಒಂದೇ ಚೀಲದಲ್ಲಿ ನಾವು ಬೇರೆ ಬೇರೆ ಸಾಮಾನು ತುಂಬಿಬಿಡುತ್ತೇವೆ. ಸರ್ಕಾರದ ಕಾಗದ ಬೇರೆ, ಬಾಡಿಗೆ ಮನೆ ಬೇರೆ, ಆಫೀಸು ಬೇರೆ, ಬೀದಿ ಬೇರೆ. ಒಂದೊಂದಕ್ಕೂ ಮದ್ದು ಬೇರೆ.

ಕಾಗದದ್ದು ಮೊದಲು ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಭಯ ಜಾಸ್ತಿ, ನಿಜವಾದ ತೊಂದರೆ ಕಡಿಮೆ. ನಮ್ಮ ಪರ್ಮಿಟ್ ಇದ್ದದ್ದು ಅವಳ ಹೆಸರಿನಲ್ಲಿ. ನರ್ಸುಗಳಿಗೆ ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್, ಅಂದರೆ ದೇಶಕ್ಕೆ ತುರ್ತಾಗಿ ಬೇಕಾದ ಕೆಲಸದವರಿಗೆ ಕೊಡುವ ಪರ್ಮಿಟ್ ಸಿಗುತ್ತದೆ. ಅದು ಇದ್ದವರ ಗಂಡ ಅಥವಾ ಹೆಂಡತಿಗೆ ಸ್ಟ್ಯಾಂಪ್ 1ಜಿ ಅನ್ನುವ ವಾಸದ ಅನುಮತಿ ಕೊಡುತ್ತಾರೆ, 2019ರಿಂದ ಅದರ ಮೇಲೆ ಬೇರೆ ಪರ್ಮಿಟ್ ಇಲ್ಲದೆ ಕೆಲಸ ಮಾಡಬಹುದು. ತಿಪಟೂರಿನಲ್ಲಿ ಇದನ್ನು ವಿವರಿಸುವುದೇ ಕಷ್ಟವಾಯಿತು, "ಹೆಂಡತಿ ಹಿಂದೆ ಹೋಗ್ತಿದಾನೆ" ಅಂತ ನಮ್ಮ ಚಿಕ್ಕಪ್ಪ ಈಗಲೂ ನಗುತ್ತಾರೆ. ತೊಡಕಾದದ್ದು ಹೆಸರಿನಲ್ಲಿ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ನಮ್ಮ ಕಡೆಯ ರೂಢಿಯಂತೆ ಊರು, ಅಪ್ಪ, ಆಮೇಲೆ ನಾನು. ಮಿಜೋಗಳಲ್ಲಿ ಮನೆತನದ ಹೆಸರು ಅನ್ನುವ ಪದ್ಧತಿಯೇ ಇಲ್ಲ, ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಈಕಾರದಲ್ಲಿ ಮುಗಿಯುತ್ತದೆ, ಗಂಡಸರದ್ದು ಆಕಾರದಲ್ಲಿ. ಗಂಡ ಹೆಂಡತಿ ಅನ್ನುವುದಕ್ಕೆ ಹೆಸರಿನಲ್ಲಿ ಒಂದಕ್ಷರದ ಪುರಾವೆಯೂ ಇಲ್ಲ. ಧರ್ಮ ಬೇರೆ ಆದ್ದರಿಂದ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿದ್ದೆವು. ಸಬ್‌ರಿಜಿಸ್ಟ್ರಾರ್ ಆಫೀಸಿನ ಬೋರ್ಡಿನಲ್ಲಿ 30 ದಿನ ನೋಟಿಸ್ ನೇತಾಡಿತ್ತು. ಆ ದಿನಗಳಲ್ಲಿ ಯಾರು ಬಂದು ತಕರಾರು ಹಾಕುತ್ತಾರೋ ಅನ್ನುವ ಭಯ ಇತ್ತು, ಆದರೆ ಕೊನೆಗೆ ಅದೇ ಸರ್ಟಿಫಿಕೇಟು ಅಪೊಸ್ಟಿಲ್ (ಹೊರದೇಶದಲ್ಲಿ ಒಪ್ಪುವಂತೆ ಸರ್ಕಾರ ಹಾಕುವ ಮುದ್ರೆ) ಹಾಕಿಸಿಕೊಂಡು ಎಲ್ಲ ಬಾಗಿಲನ್ನೂ ತೆರೆಯಿತು. ಇಂಥ ಜೋಡಿಗಳಿಗೆ ನನ್ನ ಒಂದೇ ಮಾತು: ಆ ಸರ್ಟಿಫಿಕೇಟಿನ ಪ್ರತಿ ಚೆಕ್ ಇನ್ ಬ್ಯಾಗಿನಲ್ಲಿ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ.

ಏರ್‌ಪೋರ್ಟಿನಲ್ಲಿ ನಮ್ಮನ್ನು ಬೇರೆ ಬೇರೆ ನಿಲ್ಲಿಸಿ ಪ್ರಶ್ನೆ ಕೇಳಿದರು. ಅದು ರೇಸಿಸಮ್ಮಾ? ನನಗೆ ಹಾಗನಿಸಲಿಲ್ಲ. ಹೆಸರು ಹೊಂದದ ಯಾವ ಜೋಡಿಗೂ ಅದೇ ಪ್ರಶ್ನೆ ಕೇಳುತ್ತಿದ್ದರು ಅನ್ನಿಸಿತು. ಎಲ್ಲವನ್ನೂ ಆ ಲೆಕ್ಕಕ್ಕೆ ಹಾಕಿದರೆ ನಿಜವಾದದ್ದು ಬಂದಾಗ ಹೇಳಲು ಮಾತು ಉಳಿಯುವುದಿಲ್ಲ. ಆದರೆ ಬರೀ ಕಾಗದ ನೋಡುವುದು ಬೇರೆ, ಮುಖ ನೋಡಿ ಕಾಗದ ಕೇಳುವುದು ಬೇರೆ. ಜರ್ಮನಿಯಲ್ಲಿ 2014ರಲ್ಲಿ ಮೈಂಟ್ಸ್‌ನಿಂದ ಬಾನ್‌ಗೆ ಹೋಗುತ್ತಿದ್ದ ರೈಲಿನಲ್ಲಿ ಎರಡು ಪುಟ್ಟ ಮಕ್ಕಳಿದ್ದ ಕಪ್ಪು ಬಣ್ಣದ ದಂಪತಿಯನ್ನು ಪೊಲೀಸರು ತಪಾಸಣೆ ಮಾಡಿದರು. ಅವರು ಜರ್ಮನ್ ನಾಗರಿಕರೇ. ಕೋರ್ಟಿಗೆ ಹೋದರು. 2016ರಲ್ಲಿ ಕೋಬ್ಲೆನ್ಸ್‌ನ ಮೇಲಿನ ಆಡಳಿತ ನ್ಯಾಯಾಲಯ ಆ ತಪಾಸಣೆ ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ಬಣ್ಣ ಒಂದು ಕಾರಣವಾಗಿತ್ತು ಅನ್ನುವುದೇ ಸಾಕಾಯಿತು, ಅದೊಂದೇ ಕಾರಣ ಆಗಿರಬೇಕಾಗಿರಲಿಲ್ಲ.

ಬಾಡಿಗೆ ಮನೆಯ ವಿಷಯ ಸ್ವಲ್ಪ ನಿಧಾನವಾಗಿ ಓದಿ, ಇಲ್ಲಿ ತಿಳಿದುಕೊಳ್ಳಬೇಕಾದ್ದು ಜಾಸ್ತಿ ಇದೆ.

ಡಬ್ಲಿನ್‌ನಲ್ಲಿ ಮನೆಗೆ ಬರ ಇದೆ. ಒಂದು ಜಾಹೀರಾತಿಗೆ ನೂರಾರು ಜನ ಬರೆಯುತ್ತಾರೆ. ಮಾಲೀಕರು ಯಾರನ್ನು ಬೇಕಾದರೂ ಆರಿಸಬಹುದಾದ ಇಂಥ ಕಡೆ, ಬೇಡ ಅನ್ನಲು ಕಾರಣ ಹೇಳಬೇಕಾಗಿಯೇ ಇಲ್ಲ, ಉತ್ತರ ಕೊಡದಿದ್ದರೆ ಆಯಿತು. ನಾವು ಇಬ್ಬರೂ ಬೇರೆ ಬೇರೆ ಈಮೇಲ್‌ನಿಂದ ಬರೆಯತೊಡಗಿದೆವು. ಒಂದು ಮನೆಗೆ ನನ್ನ ಹೆಸರಿನಲ್ಲಿ ಬರೆದಾಗ ಸದ್ದಿಲ್ಲ. ಅವಳ ಹೆಸರಿನಲ್ಲಿ, ನರ್ಸ್ ಅಂತ ಮೊದಲ ಸಾಲಿನಲ್ಲೇ ಹಾಕಿ ಬರೆದಾಗ ಅದೇ ದಿನ ಮನೆ ನೋಡಲು ಕರೆ ಬಂತು. ಹೆಸರಿನಿಂದಲೋ, ಕೆಲಸದಿಂದಲೋ, ಬರೀ ಅದೃಷ್ಟವೋ? ಒಂದು ಘಟನೆಯಿಂದ ಹೇಳಲು ಆಗುವುದಿಲ್ಲ, ಅದೇ ಇದರ ಕಿರಿಕಿರಿ.

ಒಬ್ಬೊಬ್ಬರ ಕಥೆಯಲ್ಲಿ ಕಾಣದ್ದು ಒಟ್ಟು ಲೆಕ್ಕದಲ್ಲಿ ಕಾಣುತ್ತದೆ. ಐರ್ಲೆಂಡಿನ ಇಎಸ್‌ಆರ್‌ಐ ಎಂಬ ಸಂಶೋಧನಾ ಸಂಸ್ಥೆ ಕೆಲಸದ ಅರ್ಜಿಗಳ ಮೇಲೆ ಒಂದು ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿತು. ಅರ್ಹತೆ ಒಂದೇ, ಹೆಸರು ಮಾತ್ರ ಬೇರೆ. ಐರಿಷ್ ಹೆಸರಿನವರಿಗೆ ಇಂಟರ್‌ವ್ಯೂ ಕರೆ ಬರುವ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ತಮಾಷೆ ಅಂದರೆ ಏಷ್ಯಾ, ಆಫ್ರಿಕಾ, ಜರ್ಮನಿಯ ಹೆಸರುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಜರ್ಮನ್ ಹೆಸರಿನವರೂ ನಮ್ಮ ಸಾಲಿನಲ್ಲೇ! ಬಣ್ಣ ಮಾತ್ರ ಅಲ್ಲ, "ನಮ್ಮವರಲ್ಲ" ಅನ್ನುವುದೂ ಕೆಲಸ ಮಾಡುತ್ತದೆ.

ಕಾನೂನು ಏನು ಹೇಳುತ್ತದೆ? ಮನೆ, ಅಂಗಡಿ, ಬ್ಯಾಂಕು, ಶಾಲೆ ಇಂಥವಕ್ಕೆ ಈಕ್ವಲ್ ಸ್ಟೇಟಸ್ ಕಾಯ್ದೆಗಳಿವೆ. ರೇಸ್ ಅನ್ನುವ ಮಾತಿನಲ್ಲಿ ಬಣ್ಣ, ದೇಶ, ಜನಾಂಗ ಮೂಲ ಎಲ್ಲ ಬರುತ್ತದೆ. ನಮ್ಮಂಥವರು ಗಮನಿಸಬೇಕಾದದ್ದು ಒಂದಿದೆ: ನಿಮ್ಮ ಜೊತೆಗಿರುವವರ ಕಾರಣಕ್ಕೆ ನಿಮಗೆ ತಾರತಮ್ಯ ಆದರೂ ಅದು ತಾರತಮ್ಯವೇ. ಅಂದರೆ ಐರಿಷ್ ಹೆಂಡತಿಗೆ ಮನೆ ತೋರಿಸಿ, ಕನ್ನಡದ ಗಂಡ ಬಂದ ಮೇಲೆ ಮನೆ "ಹೋಯಿತು" ಅಂದರೆ, ಆ ಹೆಂಡತಿಯೂ ತನ್ನ ಹೆಸರಿನಲ್ಲೇ ದೂರು ಕೊಡಬಹುದು. ಬೆಂಗಳೂರಿನ ಆ ಓನರ್ ಎದುರು ನನ್ನ ಕೈಯಲ್ಲಿ ಇಂಥ ಒಂದು ಕಾನೂನು ಇದ್ದಿದ್ದರೆ ಅಂತ ಈಗ ಅನ್ನಿಸುತ್ತದೆ.

ಆದರೆ ಒಂದು ತೂತೂ ಇದೆ. ಮಾಲೀಕರು ತಾವೇ ವಾಸ ಮಾಡುವ ಮನೆಯೊಳಗೆ ಒಂದು ರೂಮು ಬಾಡಿಗೆಗೆ ಕೊಡುವಾಗ ಈ ಕಾಯ್ದೆ ಅನ್ವಯ ಆಗುವುದಿಲ್ಲ. ಹೊಸದಾಗಿ ಬಂದವರು ಮೊದಲು ಹುಡುಕುವುದೇ ಅಂಥ ರೂಮು. ಅಲ್ಲಿ ಬೇಡ ಅಂದರೆ ಸುಮ್ಮನೆ ಮುಂದಿನ ಮನೆಗೆ ಹೋಗಿ, ಕಾನೂನಿನ ಆಸೆ ಇಟ್ಟುಕೊಳ್ಳಬೇಡಿ.

ದೂರಿಗೆ ಗಡುವು ಕಡಿಮೆ. ಘಟನೆಯಾದ 2 ತಿಂಗಳೊಳಗೆ ಎದುರು ಪಕ್ಷಕ್ಕೆ ಬರಹದಲ್ಲಿ ತಿಳಿಸಬೇಕು, ಅದಕ್ಕೆ ಇಎಸ್ 1 ಅನ್ನುವ ಫಾರಂ ಇದೆ. 6 ತಿಂಗಳೊಳಗೆ ವರ್ಕ್‌ಪ್ಲೇಸ್ ರಿಲೇಶನ್ಸ್ ಕಮಿಷನ್‌ಗೆ ದೂರು ಹೋಗಬೇಕು. ಹೆಸರು ವರ್ಕ್‌ಪ್ಲೇಸ್ ಅಂತಿದ್ದರೂ ಮನೆ ಬಾಡಿಗೆಯ ದೂರನ್ನೂ ಅವರೇ ನೋಡುತ್ತಾರೆ. ಶುಲ್ಕ ಇಲ್ಲ. ಪರಿಹಾರ ಗರಿಷ್ಠ 15,000 ಯೂರೋ. ವಿಚಾರಣೆ ಸಾಮಾನ್ಯವಾಗಿ ಬಹಿರಂಗವಾಗಿ ನಡೆಯುತ್ತದೆ, ಅದು ಎಲ್ಲರಿಗೂ ಒಗ್ಗುವುದಿಲ್ಲ. ಮೊದಲು ನೀವು ತಾರತಮ್ಯದ ಗುಮಾನಿ ಬರುವಂಥ ಸಂಗತಿಗಳನ್ನು ಮುಂದಿಡಬೇಕು. ಅಷ್ಟು ಮಾಡಿದರೆ ಆಮೇಲೆ ಹಾಗಲ್ಲ ಅಂತ ತೋರಿಸುವ ಹೊರೆ ಎದುರಿನವರದ್ದು. ಹಾಗಾಗಿ ಈಮೇಲ್ ಅಳಿಸಬೇಡಿ, ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ, ಬಾಡಿಗೆಗೆ ಹೋಯಿತು ಅಂದ ಮನೆ ವಾರದ ನಂತರವೂ ಸೈಟಿನಲ್ಲಿದ್ದರೆ ಅದನ್ನೂ ತೆಗೆದಿಡಿ. ಜರ್ಮನಿಗೆ ಹೋಗುವವರಿಗೂ ಇದೇ ಮಾತು, ಅಲ್ಲಿ 2006ರ ಸಮಾನ ನಡವಳಿಕೆ ಕಾಯ್ದೆಯಡಿ ಹಕ್ಕು ಕೇಳಲು ಇರುವುದು 2 ತಿಂಗಳು. ಮನಸ್ಸು ಸಮಾಧಾನ ಆದ ಮೇಲೆ ನೋಡೋಣ ಅಂತ ಕೂತರೆ ದಿನ ದಾಟಿರುತ್ತದೆ.

ಕೆಲಸದ ಜಾಗಕ್ಕೆ ಬೇರೆ ಕಾಯ್ದೆ. ಅದರಲ್ಲಿ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಸಹೋದ್ಯೋಗಿ ಮಾತ್ರ ಅಲ್ಲ, ಗ್ರಾಹಕರು ಕಿರುಕುಳ ಕೊಟ್ಟರೂ ಅದನ್ನು ತಡೆಯುವ ಜವಾಬ್ದಾರಿ ಕೆಲಸ ಕೊಟ್ಟವರದ್ದು. ನನ್ನ ಹೆಂಡತಿಯ ವಾರ್ಡಿನಲ್ಲಿ ರೋಗಿಯ ಕಡೆಯವರೊಬ್ಬರು "ನಮಗೆ ಚೈನೀಸ್ ನರ್ಸ್ ಬೇಡ" ಅಂದರು. ಅವಳು ಚೈನೀಸ್ ಅಲ್ಲ ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಆದರೂ ಅವಳಿಗೆ ಮೊದಲು ಬಂದದ್ದು ಆ ಸಿಟ್ಟೇ. ಮೇಲ್ವಿಚಾರಕಿ ಒಳ್ಳೆಯವರೇ, ಜಗಳ ಬೇಡ ಅಂತ ಇವಳನ್ನೇ ಇನ್ನೊಂದು ಬದಿಯ ಹಾಸಿಗೆಗಳಿಗೆ ಹಾಕಿದರು. ಸಮಸ್ಯೆ ಮುಗಿಯಿತು, ಅವರ ಲೆಕ್ಕದಲ್ಲಿ. ಬೈದವರು ಅಲ್ಲೇ ಕೂತಿದ್ದರು, ಎದ್ದು ಹೋದವಳು ಇವಳು. ರಾತ್ರಿ ಮನೆಗೆ ಬಂದು ಯೂನಿಫಾರಂ ಕೂಡ ಬದಲಾಯಿಸದೆ ನಾಲ್ಕು ಸಾಲಿನ ಈಮೇಲ್ ಬರೆದಳು. ಎಷ್ಟು ಗಂಟೆಗೆ, ಯಾವ ಹಾಸಿಗೆಯ ಹತ್ತಿರ, ಯಾವ ಮಾತು, ಕೇಳಿಸಿಕೊಂಡವರು ಯಾರು. "ನೋವಾಯಿತು" ಅನ್ನುವ ಪದ ಅದರಲ್ಲಿ ಇರಲಿಲ್ಲ. ನಾನು ಸೇರಿಸು ಅಂದೆ. "ಅದನ್ನು ಅವರು ವಾದ ಮಾಡಬಹುದು, ಟೈಮನ್ನು ವಾದ ಮಾಡೋಕಾಗಲ್ಲ" ಅಂದಳು. ಕೋವಿಡ್ ವಾರ್ಡಿನಲ್ಲಿ ನೋಟ್ಸ್ ಬರೆದ ಕೈ. ಮುಂದಿನ ವಾರ ಆ ಕಡೆಯವರ ಜೊತೆ ಆಸ್ಪತ್ರೆಯವರು ಮಾತಾಡಿದರು, ಇವಳು ತನ್ನ ಜಾಗಕ್ಕೆ ವಾಪಸ್ ಬಂದಳು.

ಇನ್ನು ಬೀದಿ. ಎಲ್ಲರೂ ಕೇಳುವುದು ಇದನ್ನೇ.

2023ರ ನವೆಂಬರ್ 23. ಪಾರ್ನೆಲ್ ಸ್ಕ್ವೇರ್ ಹತ್ತಿರ ಮಕ್ಕಳ ಮೇಲೆ ಚೂರಿ ಇರಿತವಾಯಿತು. ಇರಿದವನು ಯಾವ ದೇಶದವನು ಅಂತ ಸಂಜೆಯೊಳಗೆ ಸುದ್ದಿ ಹಬ್ಬಿ, ಡಬ್ಲಿನ್ ನಡುಮಧ್ಯೆ ದೊಂಬಿ ಆಯಿತು. ಬಸ್ಸುಗಳು ಹೊತ್ತಿ ಉರಿದವು, ಅಂಗಡಿಗಳ ಗಾಜು ಒಡೆದವು. ನಾನು ಬಂದು ಕೆಲವೇ ತಿಂಗಳಾಗಿತ್ತು. ಅವಳು ಡ್ಯೂಟಿಯಲ್ಲಿದ್ದಳು, ಬಸ್ಸು ಟ್ರ್ಯಾಮ್ ನಿಂತುಹೋಗಿತ್ತು. ಬೆಳಗಿನ ತನಕ ಆಸ್ಪತ್ರೆಯಲ್ಲೇ ಉಳಿದುಕೋ ಅಂತ ಫೋನ್ ಮಾಡಿದಾಗ ಅವಳು ಹೇಳಿದ್ದು, "ಗೊತ್ತು, ನನಗಿದು ಎರಡನೇ ಸಲ." 2012ರ ಬೀಗ ನನಗೆ ಆಗ ಅರ್ಥವಾಯಿತು.

ಆಮೇಲೆ 2025ರ ಜುಲೈನಲ್ಲಿ ಡಬ್ಲಿನ್ ಹೊರವಲಯದ ಟ್ಯಾಲಾದಲ್ಲಿ ಒಬ್ಬ ಭಾರತೀಯನನ್ನು ಗುಂಪು ಹೊಡೆದು ಗಾಯ ಮಾಡಿತು. ಅದರ ಹಿಂದೆಯೇ ಇನ್ನಷ್ಟು ಘಟನೆಗಳು. ಆಗಸ್ಟ್ 1ಕ್ಕೆ ಭಾರತದ ರಾಯಭಾರ ಕಚೇರಿ ಎಚ್ಚರಿಕೆ ಹೊರಡಿಸಿತು, ಹೊತ್ತಲ್ಲದ ಹೊತ್ತಿನಲ್ಲಿ ನಿರ್ಜನ ಜಾಗಗಳಿಗೆ ಹೋಗಬೇಡಿ ಅಂತ. ಆ ತಿಂಗಳು ಆಗಬೇಕಿದ್ದ ಇಂಡಿಯಾ ಡೇ ಹಬ್ಬ ಮುಂದಕ್ಕೆ ಹೋಯಿತು. ಊರಿಂದ ಫೋನ್ ಮೇಲೆ ಫೋನ್.

ಆ ತಿಂಗಳುಗಳಲ್ಲಿ ನಮ್ಮ ಮನೆಯೊಳಗಿನ ತಕ್ಕಡಿ ತಿರುಗಿತು. ಬೆಂಗಳೂರಿನಲ್ಲಿ ರಾತ್ರಿ ಅವಳನ್ನು ಬಿಡಲು ನಾನು ಹೋಗುತ್ತಿದ್ದೆ. ಇಲ್ಲಿ ಅವಳು ನನಗೆ "ಕತ್ತಲಾದ ಮೇಲೆ ಆ ಕಾಲುವೆ ದಾರಿ ಬೇಡ" ಅನ್ನತೊಡಗಿದಳು. ಇಂಡಿಯನ್ ಗಂಡಸು ಅನ್ನುವುದೇ ಗುರಿ ಆಗಿದ್ದ ಹೊತ್ತು ಅದು. ಅವಳನ್ನು ಯಾರೂ ಇಂಡಿಯನ್ ಅಂದುಕೊಳ್ಳದ್ದರಿಂದ ಆ ಕಾಲಕ್ಕೆ ಅವಳೇ ಹೆಚ್ಚು ಸುರಕ್ಷಿತ. ಕೋವಿಡ್ ಕಾಲದಲ್ಲಿ ಇದು ಪೂರ್ತಿ ತಲೆಕೆಳಗು. ಅದಕ್ಕೇ "ಯಾರಿಗೆ" ಅನ್ನುವ ಪ್ರಶ್ನೆಗೆ "ಯಾವಾಗ" ಅನ್ನುವುದನ್ನೂ ಸೇರಿಸಬೇಕು.

ಬೀದಿಯಲ್ಲಿ ಆದದ್ದನ್ನು ಪೊಲೀಸರಿಗೆ ಹೇಳಬೇಕಾ? ಇಲ್ಲಿ ಪೊಲೀಸರನ್ನು ಗಾರ್ಡಾ ಅನ್ನುತ್ತಾರೆ. ಅಪಾಯ ಇದ್ದರೆ 999 ಅಥವಾ 112. 2024ರ ಕೊನೆಯ ದಿನ ಜಾರಿಗೆ ಬಂದ ದ್ವೇಷಾಪರಾಧ ಕಾಯ್ದೆಯ ಪ್ರಕಾರ ಹಲ್ಲೆ, ಆಸ್ತಿ ಹಾನಿ ಇಂಥ ಕೆಲವು ಅಪರಾಧಗಳಲ್ಲಿ ಜನಾಂಗ ದ್ವೇಷ ಸಾಬೀತಾದರೆ ಶಿಕ್ಷೆ ಹೆಚ್ಚು. ಹಾಗಾಗಿ ಹೊಡೆದರು ಅಂತ ಮಾತ್ರ ಹೇಳಬೇಡಿ, ಹೊಡೆಯುವಾಗ ಏನಂದರು ಅನ್ನುವುದನ್ನೂ ಬರೆಸಿ. ಬಸ್ಸಿನಲ್ಲಿ ಕಣ್ಣು ಎಳೆದು ತೋರಿಸಿದ ಹುಡುಗನಿಗೆ ಇದರಿಂದ ಏನೂ ಆಗುವುದಿಲ್ಲ, ನಿಜ. ದಿನನಿತ್ಯದ ಬಹುಪಾಲು ಆ ಜಾತಿಯದ್ದೇ. ಅಲ್ಲಿ ಕಾನೂನು ಕೆಲಸಕ್ಕೆ ಬರುವುದು ಕಡಿಮೆ. ಅದನ್ನು ಮನೆಯಲ್ಲೇ ನಿಭಾಯಿಸಬೇಕು.

ನಾವು ಮಾಡಿಕೊಂಡ ಒಪ್ಪಂದ ಹೀಗಿದೆ. ಒಬ್ಬರು ಹೇಳಿದರೆ ಇನ್ನೊಬ್ಬರು ಮೊದಲು ಕೇಳಿಸಿಕೊಳ್ಳಬೇಕು. "ಬಿಡು" ಅನ್ನುವ ಪದಕ್ಕೆ ಆ ರಾತ್ರಿ ರಜೆ. ನಿಜವಾಗಿಯೂ ರೇಸಿಸಮ್ಮಾ ಅಂತ ಬೆಳಿಗ್ಗೆ ಕಾಫಿ ಕುಡಿಯುವಾಗ ಬೇಕಾದರೆ ವಾದ ಮಾಡಬಹುದು, ಮಾಡಿದ್ದೇವೆ ಕೂಡ. ಎರಡನೆಯದು, ಬೀದಿಯಲ್ಲಿ ಯಾರ ಕಡೆಗೆ ಮಾತು ಬಂತೋ ಅವರೇ ತೀರ್ಮಾನ ಮಾಡಬೇಕು, ತಿರುಗಿ ಉತ್ತರಿಸುವುದೋ ಮುಂದೆ ಹೋಗುವುದೋ ಅಂತ. ನಾನು ಗಂಡಸಿನ ಜೋಶ್‌ನಲ್ಲಿ ಒಮ್ಮೆ ತಿರುಗಿ ಕೂಗಿದ್ದೆ. ಅವರು ನಾಲ್ಕು ಜನ ಇದ್ದರು. ಕೆಟ್ಟದ್ದೇನೂ ಆಗಲಿಲ್ಲ, ಆದರೆ ಅವಳು ಎರಡು ದಿನ ಮಾತು ಬಿಟ್ಟಳು. "ಬೈದದ್ದು ನನಗೆ, ಜಗಳ ಮಾಡಿದ್ದು ನೀನು, ಓಡಬೇಕಾಗಿದ್ದರೆ ಓಡಬೇಕಾಗಿದ್ದದ್ದು ಇಬ್ಬರೂ" ಅಂದಳು. ಸರಿಯಾದ ಲೆಕ್ಕ.

ಜೋಡಿಯಾಗಿರುವುದೇ ಕೆಲವರಿಗೆ ಕಣ್ಣುರಿ ಅನ್ನುವುದೂ ಸುಳ್ಳಲ್ಲ. 2019ರಲ್ಲಿ ಇದೇ ದೇಶದಲ್ಲಿ, ಒಂದು ಸೂಪರ್‌ಮಾರ್ಕೆಟ್ ಜಾಹೀರಾತಿನಲ್ಲಿ ಕಾಣಿಸಿಕೊಂಡ ಐರಿಷ್ ಹೆಂಡತಿ, ಬ್ರೆಜಿಲ್ ಮೂಲದ ಗಂಡ, ಪುಟ್ಟ ಮಗ ಇದ್ದ ಕುಟುಂಬದ ಮೇಲೆ ಆನ್‌ಲೈನ್‌ನಲ್ಲಿ ಎಷ್ಟು ಕೊಳಕು ಸುರಿಯಿತು ಅಂದರೆ ಅವರು ಊರು ಬಿಟ್ಟು ಇಂಗ್ಲೆಂಡ್‌ಗೆ ಹೋದರು. ಅವರು ಮಾಡಿದ್ದು ಫೋಟೋದಲ್ಲಿ ಒಟ್ಟಿಗೆ ನಿಂತದ್ದು ಅಷ್ಟೇ. ಹಳೆಯ ರೋಗ ಇದು. ಅಮೆರಿಕದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡುವವರೆಗೂ 16 ರಾಜ್ಯಗಳಲ್ಲಿ ಬೇರೆ ಜನಾಂಗದವರ ಮದುವೆಗೆ ನಿಷೇಧ ಇತ್ತು. ಅಲಬಾಮ ತನ್ನ ಸಂವಿಧಾನದಿಂದ ಆ ಸಾಲನ್ನು ಅಳಿಸಿದ್ದು 2000ದಲ್ಲಿ! ದಕ್ಷಿಣ ಆಫ್ರಿಕಾದ ನಿಷೇಧ 1949ರಿಂದ 1985ರವರೆಗೆ. ಅಷ್ಟೇ ಯಾಕೆ, ಇಲ್ಲಿ ಐರ್ಲೆಂಡಿನಲ್ಲೇ 1366ರ ಕಿಲ್ಕೆನ್ನಿ ಶಾಸನ ಇಂಗ್ಲಿಷ್ ವಲಸಿಗರು ಐರಿಷರನ್ನು ಮದುವೆಯಾಗಬಾರದು ಅಂದಿತ್ತು. ಇದನ್ನು ನಮ್ಮ ಪಕ್ಕದ ಮನೆಯ ಐರಿಷ್ ಅಜ್ಜಿ ಚಹಾ ಕೊಡುತ್ತಾ ಹೇಳಿದ್ದು, ತಾನೇ ನಿನ್ನೆ ಪೇಪರಿನಲ್ಲಿ ಓದಿದವಳ ಹಾಗೆ.

ಈ ಅಜ್ಜಿಯಂಥವರೂ ಇದ್ದಾರೆ ಅಂತ ಹೇಳಬೇಕು, ಇಲ್ಲವಾದರೆ ಚಿತ್ರ ಒಂದೇ ಕಡೆ ವಾಲುತ್ತದೆ. 2022ರ ಜನಗಣತಿಯ ಪ್ರಕಾರ ಇಲ್ಲಿ ಇರುವವರಲ್ಲಿ ಶೇಕಡ 12ರಷ್ಟು ಜನ ಬೇರೆ ದೇಶಗಳ ನಾಗರಿಕರು. ನೂರಕ್ಕೆ ನೂರು ದಿನ ಇಲ್ಲಿ ಬಯ್ಯಿಸಿಕೊಂಡು ಬದುಕುತ್ತಿಲ್ಲ ನಾವು. ಮುಕ್ಕಾಲು ಪಾಲು ದಿನ ಮಳೆಯ ಬಗ್ಗೆ ಮಾತಾಡುತ್ತೇವೆ.

ಹೊರಡುವ ಮೊದಲು ವಿಚಾರಿಸುವುದು ಹೇಗೆ? ನಾನು ಮಾಡಿದ ದೊಡ್ಡ ತಪ್ಪು, ಕನ್ನಡ ಸಂಘದ ಗೆಳೆಯರನ್ನು ಮಾತ್ರ ಕೇಳಿದ್ದು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ನನ್ನ ಅರ್ಧ. ಅವಳಿಗೆ ಏನು ಕಾದಿದೆ ಅನ್ನುವುದು ಅವಳ ಹಾಗೆ ಕಾಣುವವರಿಗೆ ಗೊತ್ತಿತ್ತು, ಫಿಲಿಪಿನೋ ನರ್ಸುಗಳಿಗೆ, ಚೀನಾದ ವಿದ್ಯಾರ್ಥಿಗಳಿಗೆ. ಜೋಡಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಜನರನ್ನು ಕೇಳಿ. "ರೇಸಿಸಂ ಇದೆಯಾ" ಅಂತ ಕೇಳಬೇಡಿ, ಇಲ್ಲ ಅಂದುಬಿಡುತ್ತಾರೆ. ರಾತ್ರಿ ಶಿಫ್ಟ್ ಮುಗಿದ ಮೇಲೆ ಯಾವ ದಾರಿಯಲ್ಲಿ ಮನೆಗೆ ಹೋಗ್ತೀರಿ, ಯಾವ ಬಸ್ ಸ್ಟಾಪ್ ತಪ್ಪಿಸ್ತೀರಿ, ಮಕ್ಕಳ ಶಾಲೆ ಯಾವಾಗಾದರೂ ಬದಲಾಯಿಸಿದ್ದುಂಟಾ ಅಂತ ಕೇಳಿ. ಸುಮ್ಮನಾಗಿ ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ಹೇಳುತ್ತಾರಲ್ಲ, ಅದೇ ನಿಮಗೆ ಬೇಕಾದ ಉತ್ತರ. ದೇಶಕ್ಕಿಂತ ಬಡಾವಣೆ ಮುಖ್ಯ, ಬಡಾವಣೆಗಿಂತ ಡ್ಯೂಟಿ ಮುಗಿಯುವ ಹೊತ್ತು ಮುಖ್ಯ.

ಕಳೆದ ಚಳಿಗಾಲದಲ್ಲಿ ನಮಗೆ ಮಗಳು ಹುಟ್ಟಿದಳು. ಇಲ್ಲಿ ಹುಟ್ಟಿದ ಮಾತ್ರಕ್ಕೆ ಐರಿಷ್ ಆಗುವುದಿಲ್ಲ, 2004ರ ಜನಮತಗಣನೆಯ ನಂತರ ಅದು ನಿಂತುಹೋಗಿದೆ. ನಮ್ಮಂಥವರ ಮಗುವಾದರೆ, ಹುಟ್ಟುವ ಹಿಂದಿನ 4 ವರ್ಷದಲ್ಲಿ 3 ವರ್ಷ ಅಪ್ಪ ಅಥವಾ ಅಮ್ಮ ಲೆಕ್ಕಕ್ಕೆ ಬರುವ ಸ್ಟ್ಯಾಂಪಿನ ಮೇಲೆ ಇಲ್ಲಿದ್ದಿರಬೇಕು. ಹೊಟ್ಟೆಯಲ್ಲಿ ಮಗು ಒದೆಯುತ್ತಿದ್ದಾಗ ನಾವು ಮೇಜಿನ ಮೇಲೆ ವಾಸದ ಅನುಮತಿಯ ಹಳೆಯ ಕಾರ್ಡು ಹರಡಿಕೊಂಡು ದಿನ ಎಣಿಸಿದ್ದೇವೆ.

ಆಸ್ಪತ್ರೆಯ ಮೊದಲ ಭೇಟಿಯಲ್ಲಿ ಒಂದು ಫಾರಂ ತುಂಬಿಸಿದರು. ಜನಗಣತಿಯಲ್ಲಿರುವಂಥದ್ದೇ ಚೌಕಗಳು: ಚೈನೀಸ್ ಒಂದು, ಇಂಡಿಯನ್ ಪಾಕಿಸ್ತಾನಿ ಬಾಂಗ್ಲಾದೇಶಿ ಸೇರಿ ಒಂದು, ಮಿಶ್ರ ಅಂತ ಒಂದು. ಕೌಂಟರಿನಾಕೆ ಇವಳ ಮುಖ ನೋಡಿ ಆಗಲೇ ಚೈನೀಸ್‌ಗೆ ಗುರುತು ಹಾಕಿದ್ದಳು. ಇವಳು ಪೆನ್ನು ಇಸ್ಕೊಂಡು ಅದನ್ನು ಹೊಡೆದು ಕೆಳಗಿನ ಚೌಕಕ್ಕೆ ಹಾಕಿದಳು. ಕೌಂಟರಿನಾಕೆ ಪಾಪ ಕೆಂಪಾಗಿ ಮೂರು ಸಲ ಸಾರಿ ಕೇಳಿದಳು.

ಮಗಳು ಹುಟ್ಟಿದ ಮಾರನೇ ದಿನ ಎರಡು ವಿಡಿಯೋ ಕಾಲ್. ತಿಪಟೂರಿನಿಂದ ನಮ್ಮಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಸದ್ಯ, ಬಣ್ಣ ಅವರಮ್ಮನದ್ದು ಬಂದಿದೆ" ಅಂದರು. ಅರ್ಧ ಗಂಟೆ ಬಿಟ್ಟು ಐಜ್ವಾಲ್‌ನಿಂದ ನಮ್ಮತ್ತೆ. ಅವರು ಮಿಜೋದಲ್ಲಿ ಏನೋ ಅಂದು ನಕ್ಕರು, ಅದರಲ್ಲಿ ನನಗೆ ಗೊತ್ತಾದದ್ದು ವಾಯ್ ಅನ್ನುವ ಒಂದೇ ಪದ. ಈ ಸಲ ಅವಳು ಅನುವಾದ ಮಾಡಿದಳು: "ಮೂಗು ಮಾತ್ರ ವಾಯ್ ಮೂಗು ಅಂತೆ."